ಕೆಂಪು ದಾರಕ್ಕೆ ಬಿದ್ದ ಗಂಟು

ರತ್ನಮಾಲಾ ಇಚಲಕರಂಜಿಯ ಮೆಂಡಿಂಗ್ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ನಿಂತ ಹೆಂಗಸು. ನಿಂತ ಅಂದರೆ ನಿಂತೇ. ಆ ಕೆಲಸಕ್ಕೆ ಕುರ್ಚಿ ಇರಲಿಲ್ಲ. ಮಗ್ಗದಿಂದ ಇಳಿದ ಕೋರಾ ಬಟ್ಟೆ ಗಾಜಿನ ಟೇಬಲ್ಲಿನ ಮೇಲೆ ಸರಿದು ಬರುತ್ತದೆ, ಗಾಜಿನ ಕೆಳಗೆ ದೀಪ ಉರಿಯುತ್ತಿರುತ್ತದೆ. ಕೈಯಲ್ಲಿ ಚಿಮಟ ಹಿಡಿದ ಹೆಂಗಸರು ಬಟ್ಟೆಯೊಳಗಿನ ಗಂಟು, ತಪ್ಪಿದ ಎಳೆ, ಎಣ್ಣೆಯ ಕಲೆ ಹುಡುಕಿ ತೆಗೆಯಬೇಕು. ಉಳಿದವರು ಕಣ್ಣಿನಿಂದ ಹುಡುಕುತ್ತಿದ್ದರು. ಇವಳ ಕಣ್ಣು ಎಲ್ಲೋ ಇರುತ್ತಿತ್ತು, ಕಿವಿ ಪಕ್ಕದವಳ ಸಂಸಾರದ ಕಥೆಯ ಮೇಲೆ ಇರುತ್ತಿತ್ತು, ಬೆರಳು ಮಾತ್ರ ಬಟ್ಟೆ ಬಿಡುತ್ತಿರಲಿಲ್ಲ. ಗಂಟು ಬಂದ ಕೂಡಲೇ ಬೆರಳು ತಾನೇ ನಿಲ್ಲುತ್ತಿತ್ತು.

ಗಂಡ ಧೊಂಡಿಬಾ ಅದೇ ಕಾರಖಾನೆಯಲ್ಲಿ ಮಗ್ಗ ನಡೆಸುವವನು. ಅವನ ಅಜ್ಜ ರಬಕವಿಯಿಂದ ಬಂದು ಇಲ್ಲಿ ಮಗ್ಗ ಹಿಡಿದವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ಮಗ್ಗದ ಮೇಲೆ ಎಳೆ ಹರಿದರೆ ಧೊಂಡಿಬಾನ ಕೈ ಹೋಗಿ ಗಂಟು ಹಾಕಿ ಬರುವುದಕ್ಕೆ ಒಂದು ಕೆಮ್ಮು ಕೆಮ್ಮುವಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ. ಅಕ್ಕಿ ಕಾಳಿನಷ್ಟು ಎಳೆ ಉಳಿದಿದ್ದರೂ ಸಾಕು, ಬೆರಳ ಸಂದಿಯಲ್ಲಿ ಸುತ್ತಿ, ಹಲ್ಲಿನಿಂದ ತುದಿ ಕಚ್ಚಿ ಬಿಡುತ್ತಿದ್ದ. ಆ ಗಂಟು ಕಣ್ಣಿಗೆ ಬೀಳುತ್ತಿರಲಿಲ್ಲ. ಅವನು ಹಾಕಿದ ಗಂಟನ್ನು ಮರುದಿನ ಹೆಂಡತಿ ಗಾಜಿನ ಟೇಬಲ್ಲಿನ ಮೇಲೆ ಹಿಡಿಯುತ್ತಿದ್ದಳು. ಓಣಿಯವರು ಇಬ್ಬರನ್ನೂ ಕೂಡಿಸಿಕೊಂಡು ನಗುತ್ತಿದ್ದರು: "ಗಂಡ ಕಟ್ತಾನ, ಹೆಂಡ್ತಿ ಬಿಚ್ಚತಾಳ. ಇವರ ಲಗ್ನ ಯಾವ ಭಟ್ಟ ಮಾಡಿಸಿದಾನೋ!"

ಒಂದು ದೀಪಾವಳಿಯಾದ ಮೇಲೆ ಮಾಲಕ ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿ ಕಾರಖಾನೆಯ ಬಾಗಿಲು ಎಳೆದ. ರತ್ನಮಾಲಾಳಿಗೆ ಆಗ ನಲವತ್ತೇಳು ವರ್ಷ. ಅವಳ ತಂಗಿ ನೇಸರಿಯಲ್ಲಿದ್ದಳು. ಅಲ್ಲಿ ಮಾಳದ ಮೇಲೆ ವಿಮಾನ ಇಳಿಯುವ ಸಣ್ಣ ಪಟ್ಟಿ ಮಾಡಿದ್ದಾರೆ, ಆಕಾಶದಿಂದ ಜಿಗಿಯುವ ಮಂದಿ ಬರುತ್ತಾರೆ, ಅವರ ಛತ್ರಿ ಮಡಚುವುದಕ್ಕೆ ಬಟ್ಟೆ ಗೊತ್ತಿದ್ದ ಹೆಂಗಸರು ಬೇಕಂತೆ ಎಂದು ಫೋನಿನಲ್ಲಿ ಹೇಳಿದಳು. ರತ್ನಮಾಲಾ ಮೊದಲು ನಂಬಲಿಲ್ಲ. "ಜಿಗ್ಯಾಕ ರೊಕ್ಕಾ ಕೊಡ್ತಾರ? ಹುಚ್ಚು ಹಿಡದೈತೇನ ಅವರಿಗೆ?" ಎಂದಳು. ಆದರೂ ಎಸ್‌ಟಿ ಬಸ್ಸು ಹತ್ತಿ ಬಂದಳು.

ಪಟ್ಟಿಯ ಮಾಲಕ ಗಡಹಿಂಗ್ಲಜದ ಜಿನಪಾಲ. ಕಬ್ಬು, ಟ್ರ್ಯಾಕ್ಟರಿನ ಅಂಗಡಿ, ಒಂದು ಶಾಲೆಯ ಮಂಡಳಿ ಎಲ್ಲ ಇದ್ದ ಮನುಷ್ಯ. ಕೆಟ್ಟವನಲ್ಲ, ಆದರೆ ಅವನ ಮಾತಿನ ಎದುರು ಇನ್ನೊಂದು ಮಾತು ನಿಂತರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಛತ್ರಿಗಳ ಹೊಣೆ ಹೊತ್ತವನು ಅಭಯಕುಮಾರ, ಸೈನ್ಯದಲ್ಲಿ ಪ್ಯಾರಾಶೂಟ್ ಮಡಚಿ ನಿವೃತ್ತನಾದ ಸುಭೇದಾರ. ಮನೆ ಕೊಲ್ಹಾಪುರದಲ್ಲಿ, ವಾರಕ್ಕೆರಡು ಸಲ ಮೋಟಾರ್‌ಸೈಕಲ್ಲಿನ ಮೇಲೆ ಬರುತ್ತಿದ್ದ. ಅವನೇ ರತ್ನಮಾಲಾಳ ಪರೀಕ್ಷೆ ಮಾಡಿದ. ಉದ್ದನೆಯ ಟೇಬಲ್ಲಿನ ಮೇಲೆ ನೀಲಿ ಬಟ್ಟೆ ಹರಡಿ, "ಬಾಯೀ, ಕಣ್ಣು ಮುಚ್ಚಿ ನೋಡ್ರಿ" ಎಂದ.

"ಕಣ್ಣು ಮುಚ್ಚಿ ಹ್ಯಾಂಗ ನೋಡ್ಲಿ?" ಎಂದಳು ರತ್ನಮಾಲಾ. ಆದರೆ ಮುಚ್ಚಿದಳು. ಎರಡೂ ಅಂಗೈ ಬಟ್ಟೆಯ ಮೇಲೆ ನಡೆದವು. "ಇಲ್ಲೊಂದು ಸೂಜಿ ತೂತ ಐತಿ," ಎಂದಳು. ಅದನ್ನು ಸುಭೇದಾರನೇ ಮಾಡಿಟ್ಟಿದ್ದ. ಆಮೇಲೆ ಇನ್ನೂ ಎರಡು ಮಾರು ಹೋಗಿ ಬೆರಳು ನಿಂತಿತು. "ಇಲ್ಲಿ ಯಾರೋ ಕಿಡಿ ತಾಗಿಸ್ಯಾರ್ರಿ."

ಅದು ಸುಭೇದಾರನಿಗೂ ಗೊತ್ತಿರಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಖಂಡೇನವಮಿಯ ದಿನ ಛತ್ರಿಗಳಿಗೂ ಕುಂಕುಮ ಹಚ್ಚಿ ಪೂಜೆ ಮಾಡಿದ್ದರು. ಊದಿನಕಡ್ಡಿಯ ಕಿಡಿ ಬಿದ್ದು ಎಳ್ಳಿನಷ್ಟು ಸುಟ್ಟಿತ್ತು. ಅವತ್ತೇ ರತ್ನಮಾಲಾ ಕೆಲಸಕ್ಕೆ ಸೇರಿದಳು. ಪೂಜೆ ಮಾತ್ರ ಮುಂದಿನ ವರ್ಷದಿಂದ ಬಾಗಿಲ ಹೊರಗೆ ಹೋಯಿತು.

ಒಂದೊಂದು ಬೆನ್ನಚೀಲದಲ್ಲಿ ಎರಡೆರಡು ಛತ್ರಿ. ದೊಡ್ಡದು ದಿನದ ಜಿಗಿತಕ್ಕೆ. ಅದನ್ನು ಪ್ರತಿ ಜಿಗಿತದ ನಂತರ ಮಡಚಬೇಕು; ಅದು ರತ್ನಮಾಲಾಳದು. ಹಗ್ಗಗಳನ್ನು ಒಂದಕ್ಕೊಂದು ಸಿಕ್ಕದ ಹಾಗೆ ಹಿಡಿದು, ಬಟ್ಟೆಯ ಪದರು ಪದರು ಸರಿ ಮಾಡಿ, ಎದೆಯಿಂದ ಒತ್ತಿ ಗಾಳಿ ತೆಗೆದು, ಹಸುಗೂಸನ್ನು ಸುತ್ತಿದ ಹಾಗೆ ಸುತ್ತಿ ಚೀಲಕ್ಕಿಳಿಸಬೇಕು. ಸಣ್ಣದು ಆಪತ್ತಿನ ಛತ್ರಿ. ದೊಡ್ಡದು ಕೈಕೊಟ್ಟರೆ ಜೀವ ಉಳಿಯುವುದು ಅದರಿಂದ. ಅದನ್ನು ಸುಭೇದಾರ ಒಬ್ಬನೇ ಆರು ತಿಂಗಳಿಗೊಮ್ಮೆ ಬಿಚ್ಚಿ ಮಡಚಿ, ಎದೆಯ ಹಿಡಿಕೆ ಎಳೆದರೆ ಜಾರಿ ಅದನ್ನು ತೆರೆಯುವ ಪಿನ್ನಿಗೆ ಒಂದು ಕೆಂಪು ದಾರ ಸುತ್ತಿ, ದಾರದ ತುದಿಗೆ ಸೀಸದ ಮುದ್ರೆ ಒತ್ತುತ್ತಿದ್ದ.

"ದೊಡ್ಡದು ನಿಂದು, ಸಣ್ಣದು ನಂದು," ಎಂದು ಮೊದಲ ದಿನವೇ ಹೇಳಿದ. "ಇದಕ್ಕ ಕೈ ಹಚ್ಚೂದಿಲ್ಲ. ದಾರ ಐತೋ ಇಲ್ಲೋ ನೋಡೂದು, ಅಷ್ಟ. ಪಿನ್ ಒಂದು ಗೋದಿಕಾಳಷ್ಟು ಸರದ್ರೂ ದಾರ ಹರೀತದ. ಹರದಿತ್ತಂದ್ರ ಯಾರೋ ಏನೋ ಎಳದಾರ. ಆಗ ನನ್ನ ಕರಿ. ನಾ ಬಿಚ್ಚಿ ಒಳಗ ನೋಡೂತನಕ ಆ ಚೀಲ ಯಾರ ಬೆನ್ನಿಗೂ ಹೋಗಬಾರದು."

"ಭಾಳ ಹಗರ ದಾರ ಐತಲ್ರಿ ಸುಭೇದಾರ," ಎಂದಳು ರತ್ನಮಾಲಾ, ಬೆರಳಿನಿಂದ ಮುಟ್ಟಿ.

"ಹಗರ ಇರಬೇಕು. ಇದು ಹಿಡಿಯಾಕ ಹಾಕಿದ ದಾರ ಅಲ್ಲ, ಹೇಳಾಕ ಹಾಕಿದ್ದು."

ಆ ಸಂಜೆ ನೇಸರಿಯ ಬಾಡಿಗೆ ಖೋಲಿಯಲ್ಲಿ ಗಂಡನಿಗೆ ಇದನ್ನೆಲ್ಲ ಹೇಳಿದಳು. ಅವನಿಗೂ ಪಟ್ಟಿಯ ಮೇಲೆ ಕೆಲಸ ಕೊಡಿಸಿದ್ದಳು: ಹುಲ್ಲು ಕೊಯ್ಯುವುದು, ಎಮ್ಮೆ ನಾಯಿ ಓಡಿಸುವುದು, ಚೀಲ ಎತ್ತಿಡುವುದು. ಧೊಂಡಿಬಾ ರೊಟ್ಟಿ ಮುರಿಯುತ್ತ ನಕ್ಕ. "ಹರೀಲಿ ಅಂತ ದಾರ ಹಾಕ್ತಾರ? ಎಂಥಾ ಮಂದಿ ಇವರು! ನಮ್ಮ ಕಾರಖಾನ್ಯಾಗ ಹರದ ಎಳಿ ನೋಡಿ ಸುಮ್ಮ ನಿಂತಾಂವಗ ಮುಕಾದಮ ಕಪಾಳಕ್ಕ ಹೊಡೀತಿದ್ದ."

ಅವನ ಈ ಮಾತಿಗೆ ರತ್ನಮಾಲಾ ಅವತ್ತು ಗಮನ ಕೊಡಲಿಲ್ಲ.

ವಿಮಾನ ಹಾರಿಸುವವಳು ಉದಗಾಂವದ ಒಕ್ಕಲುತನದ ಮನೆಯ ಹುಡುಗಿ ಋತುಜಾ, ಇಪ್ಪತ್ತೇಳರವಳು. ರತ್ನಮಾಲಾಳಿಗೆ ಅವಳ ಮೇಲೆ ಮನಸ್ಸು ಕೂತದ್ದು ಒಂದು ಮುಂಜಾನೆ. ಋತುಜಾ ವಿಮಾನದ ಸುತ್ತ ನಡೆಯುತ್ತ ರೆಕ್ಕೆಯ ಅಂಚಿಗೆ ಅಂಗೈ ಹಚ್ಚಿ ಸವರುತ್ತ ಹೋದಳು. ಮುಂದಿನ ಪಂಖದ ಅಂಚನ್ನು ಉಗುರಿನಿಂದ ನೋಡಿದಳು, ಕಲ್ಲು ತಾಗಿ ಚಕ್ಕೆ ಎದ್ದಿದೆಯೋ ಎಂದು. ರೆಕ್ಕೆಯ ಕೆಳಗಿಂದ ಒಂದು ಗಾಜಿನ ನಳಿಗೆಯಲ್ಲಿ ಸ್ವಲ್ಪ ಪೆಟ್ರೋಲ್ ಇಳಿಸಿ, ಸೂರ್ಯನಿಗೆ ಹಿಡಿದು, ತಳದಲ್ಲಿ ನೀರಿನ ಹನಿ ಕೂತಿದೆಯೋ ಎಂದು ನೋಡಿದಳು. ನಿನ್ನೆಯೂ ನೋಡಿದ್ದಳು, ಮೊನ್ನೆಯೂ ನೋಡಿದ್ದಳು.

"ದಿನಾ ಏನ ನೋಡ್ತಿ ತಾಯಿ, ನಿನ್ನೆ ಇರಲಾರದ್ದು ಇವತ್ತ ಎಲ್ಲಿಂದ ಬರ್ತೈತಿ?" ಎಂದು ರತ್ನಮಾಲಾ ಬೇಕೆಂದೇ ಕೇಳಿದಳು.

"ರಾತ್ರಿ ಇಬ್ಬನಿ ಬಿದ್ದೈತಿ ಮಾವಶಿ. ನೀರು ಇಂಜಿನ್ನಿಗೆ ಹೋದ್ರ ಮ್ಯಾಲ ಬಂದ್ ಬೀಳ್ತೈತಿ. ಅಲ್ಲಿ ರಿಪೇರಿ ಅಂಗಡಿ ಇಲ್ಲ."

ಇವಳೂ ನನ್ನ ಖಾತೆಯವಳೇ ಎಂದುಕೊಂಡಳು ರತ್ನಮಾಲಾ. ಒಮ್ಮೆ ಋತುಜಾ ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮೇಲೆ ಒಯ್ದಳು. ಎರಡು ಸಾವಿರ ಅಡಿಯ ಮೇಲೆ ಹಿಡಿಕೆಯನ್ನು ಇವಳ ಕೈಗೆ ಬಿಟ್ಟಳು. ರತ್ನಮಾಲಾ ಬಾವಿಯ ಹಗ್ಗ ಹಿಡಿದ ಹಾಗೆ ಹಿಡಿದಳು. ವಿಮಾನ ಮೂಗು ಎತ್ತಿತು. "ಎರಡು ಬೆರಳು ಸಾಕು ಮಾವಶಿ. ಅದು ತಾನ ಹಾರ್ತೈತಿ, ನೀವು ಅಡ್ಡ ಬರಬ್ಯಾಡ್ರಿ." ಬೆರಳು ಸಡಿಲಿಸಿದ ಮೇಲೆ ಮೂಗು ಇಳಿದು ಸಮವಾಯಿತು. ಕೆಳಗೆ ಕಬ್ಬಿನ ಗದ್ದೆಗಳು ಚೌಕಳಿ ಲುಂಗಿಯ ಹಾಗೆ ಕಂಡವು. "ಅಲ್ಲಿ ಒಂದು ಎಳಿ ತಪ್ಪೈತಿ ನೋಡು," ಎಂದು ಬೆರಳು ತೋರಿಸಿದಳು. ಒಣಗಿದ ಕಾಲುವೆ ಅದು. ಋತುಜಾ ನಕ್ಕು ನಕ್ಕು ವಿಮಾನ ಅಲುಗಿಸಿದಳು.

ಮೂರು ವರ್ಷ ಹೀಗೆ ಹೋದವು.

ಜಿನಪಾಲನ ಶಾಲೆಗೆ ಐವತ್ತು ವರ್ಷ ತುಂಬಿತು. ಗಡಹಿಂಗ್ಲಜದ ಶಾಲಾ ಮೈದಾನದಲ್ಲಿ ಸಮಾರಂಭ. ಮುಂಜಾನೆ ಹತ್ತು ಗಂಟೆಗೆ ಜಿನಪಾಲನ ಅಣ್ಣನ ಮಗ ಕೇತನ ಆಕಾಶದಿಂದ ಶಾಲೆಯ ಝಂಡಾ ಹಿಡಿದು ಮೈದಾನದ ನಟ್ಟನಡುವೆ ಇಳಿಯಬೇಕು ಎಂದು ನಿಶ್ಚಯವಾಯಿತು. ಕೇತನ ಮುನ್ನೂರು ಸಲ ಜಿಗಿದ ಹುಡುಗ. ತಿಂಗಳಿಂದ ಊರೆಲ್ಲ ಬೋರ್ಡು ಹಚ್ಚಿದ್ದರು, ಬೋರ್ಡಿನ ಮೇಲೆ ಕೇತನನಿಗಿಂತ ಜಿನಪಾಲನ ಮುಖ ದೊಡ್ಡದಿತ್ತು. ಪಟ್ಟಿಯ ಮೇಲೆ ಇದ್ದ ಚೀಲಗಳು ಮೂರು. ಎರಡರದ್ದು ಆರು ತಿಂಗಳು ಮುಗಿದದ್ದರಿಂದ ಸುಭೇದಾರ ಕೊಲ್ಹಾಪುರಕ್ಕೆ ಒಯ್ದಿದ್ದ. ಉಳಿದದ್ದು ಒಂದೇ, ಕೇತನನದು.

ಸಮಾರಂಭದ ದಿನ ಎಂಟೂವರೆಗೆ ರತ್ನಮಾಲಾ ಆ ಚೀಲವನ್ನು ಟೇಬಲ್ಲಿನ ಮೇಲೆ ಇಟ್ಟುಕೊಂಡಳು. ಹೆಗಲ ಪಟ್ಟಿಗಳ ಹೊಲಿಗೆ, ಕೊಂಡಿಗಳು, ಎದೆಯ ಬದಿಯ ಎರಡು ಹಿಡಿಕೆಗಳು, ಎಲ್ಲ ಸರಿ. ಮೇಲಿನ ಮುಚ್ಚಳ ತೆರೆದಳು. ಕೆಂಪು ದಾರ ಇತ್ತು, ಸೀಸದ ಮುದ್ರೆ ಇತ್ತು. ಕಣ್ಣಿಗೆ ಎಲ್ಲ ಸರಿಯಿತ್ತು. ಅಭ್ಯಾಸದಂತೆ ದಾರದ ಮೇಲೆ ಬೆರಳು ಎಳೆದಳು.

ಬೆರಳು ನಿಂತಿತು.

ಪಿನ್ನಿನ ಕೆಳಗೆ, ಕಣ್ಣಿಗೆ ಕಾಣದ ಕಡೆ, ಸಾಸಿವೆಯ ಅರ್ಧದಷ್ಟು ಗಂಟು. ಅವಳು ಬಗ್ಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಸುಭೇದಾರ ಹಾಕುವ ಗಂಟು ಜೋಡಿ ಸುತ್ತಿನದು, ಮುದ್ರೆಯ ಒಳಗೇ ಇರುತ್ತದೆ. ಇದು ಮಗ್ಗದವರ ಗಂಟು. ಈ ಗಂಟನ್ನು ಇಪ್ಪತ್ತೆರಡು ವರ್ಷ ದಿನಕ್ಕೆ ಐವತ್ತು ಸಲ ಚಿಮಟದಿಂದ ಎತ್ತಿದವಳು ಅವಳು.

"ರೀ," ಎಂದು ಕರೆದಳು. ಧೊಂಡಿಬಾ ಪೊರಕೆ ಹಿಡಿದು ಬಾಗಿಲಿಗೆ ಬಂದ. "ಈ ದಾರ ಹರದಿತ್ತೇನ?"

"ಹೂಂ. ನಿನ್ನೆ ಸಂಜಿಮುಂದ ಜೀಪಿನಿಂದ ಇಳಸೂಮುಂದ ಚೀಲದ ಹಿಡಿಕಿ ಬಾಗಲ ಕೊಂಡಿಗೆ ಸಿಕ್ಕು, ದಾರ ಪಟ್ ಅಂತು. ಕಟ್ಟಿದೆ." ಅವನ ಮುಖದಲ್ಲಿ ಒಂದಿಷ್ಟೂ ಅಂಜಿಕೆ ಇರಲಿಲ್ಲ, ಹೆಮ್ಮೆಯೇ ಇತ್ತು. "ಇಷ್ಟ ಇಷ್ಟ ಎಳಿ ಉಳದಿತ್ತು ರತ್ನಾ. ಬ್ಯಾರೆ ಯಾರ ಕಡೆಯಿಂದಾನೂ ಆಗ್ತಿದ್ದಿಲ್ಲ. ನಿನಗ ಹ್ಯಾಂಗ ಗೊತ್ತಾತು?"

"ನನಗ ಗೊತ್ತಾಗದ ಇನ್ಯಾರಿಗೆ ಗೊತ್ತಾಗಬೇಕು!" ಎಂದು ಅವಳು ಕುಸಿದ ದನಿಯಲ್ಲಿ ಹೇಳಿ ಕೊಲ್ಹಾಪುರಕ್ಕೆ ಫೋನು ಹಚ್ಚಿದಳು. ಸುಭೇದಾರ ಒಂದೇ ಮಾತು ಹೇಳಿದ: "ಯಾರಿಗೂ ಕೊಡಬ್ಯಾಡ. ನಾ ಹೊಂಟೆ. ಮಧ್ಯಾಹ್ನ ಆಗ್ತದ."

ಹತ್ತು ಗಂಟೆಗೆ ಜಿಗಿಯಬೇಕು. ಮಧ್ಯಾಹ್ನ ಎಂದರೆ ಸಮಾರಂಭ ಮುಗಿದು ಮಕ್ಕಳು ಶಿರಾ ತಿಂದು ಮನೆಗೆ ಹೋಗಿರುತ್ತಾರೆ.

ಒಂಬತ್ತಕ್ಕೆ ಜಿನಪಾಲನ ಗಾಡಿ ಬಂದಿತು. ತಲೆಗೆ ಕೇಸರಿ ಫೇಟಾ ಸುತ್ತಿದ್ದ, ಶಾಲೆಗೆ ಹೋಗುವ ದಾರಿಯಲ್ಲಿ ಕೇತನನಿಗೆ ಹಾರ ಹಾಕಿ ಹೋಗುವ ಹುರುಪು. ಕೇತನ ಕೆಂಪು ಅಂಗಿ ತೊಟ್ಟು ಸಿದ್ಧನಾಗಿದ್ದ. ಋತುಜಾ ವಿಮಾನದ ಹತ್ತಿರ ನಿಂತು ಕಂಬದ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ನೋಡುತ್ತಿದ್ದಳು. ರತ್ನಮಾಲಾ ಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡು, "ಮಾಲಕ್ರ, ಇದು ಇವತ್ತ ಹಾರೂದಿಲ್ರಿ," ಎಂದಳು. ದಾರದ ಸಂಗತಿ ಹೇಳಿದಳು.

ಜಿನಪಾಲ ಬಗ್ಗಿ ಮುಚ್ಚಳದೊಳಗೆ ನೋಡಿದ. "ಎಲ್ಲಿ ಐತಿ ಗಂಟು? ನನಗ ಕಾಣವಲ್ದು."

"ಕಾಣೂದಿಲ್ರಿ. ಕಾಣದಂಗ ಕಟ್ಟ್ಯಾರ."

"ಯಾರ ಕಟ್ಟ್ಯಾರ?"

ಬಾಗಿಲಲ್ಲಿ ನಿಂತ ಧೊಂಡಿಬಾನೇ, "ನಾನ್ರಿ ಮಾಲಕ್ರ. ಗಟ್ಟಿ ಐತಿ, ಬಿಚ್ಚೂದಿಲ್ಲ," ಎಂದ.

ಜಿನಪಾಲ ಹೊಟ್ಟೆ ಹಿಡಿದು ನಕ್ಕ. "ಭಲೇ! ಗಂಡ ಕಟ್ಟ್ಯಾನ, ಹೆಂಡ್ತಿ ಒಲ್ಲೆ ಅಂತಾಳ. ನಿಮ್ಮ ಮನಿ ಜಗಳಾ ಮನ್ಯಾಗ ಇಟ್ಟು ಬರ್ರಿ ಬಾಯೀ. ಕೇತನ, ಚೀಲ ತಗೊ."

"ಮಾವಶಿ, ಮುನ್ನೂರು ಸಲ ಜಿಗಿದೀನಿ," ಎಂದು ಕೇತನ ಮೆಲ್ಲಗೆ ಹೇಳಿದ. "ಸಣ್ಣ ಛತ್ರಿ ಒಂದ ಸಲಾನೂ ಬೇಕಾಗಿಲ್ಲ. ಇವತ್ತ ಬೇಕಾಗ್ತೈತೇನ?"

"ಇವತ್ತ ಬೇಕಾಗೂದಿಲ್ಲ ಅಂತ ಬರದು ಕೊಡ್ತೀಯೇನ ಬಾಳಾ?"

ಕೇತನ ಚೀಲಕ್ಕೆ ಚಾಚಿದ ಕೈ ಹಿಂದೆ ತೆಗೆದ.

ಜಿನಪಾಲನ ನಗು ಇಳಿಯಿತು. ಅವನ ಫೋನು ಬಡಿದುಕೊಳ್ಳುತ್ತಿತ್ತು; ಮೈದಾನದಿಂದ ಕರೆ. ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ, ಅಣ್ಣ ತಂಗಿಗೆ ಹೇಳಿದ ಹಾಗೆ: "ಹಿಂಗ ಮಾಡೋಣ ರತ್ನಾಬಾಯಿ. ಈ ಗಂಟು ನಿಮ್ಮ ಬೆರಳಿಗೆ ಬಿಟ್ರ ಜಗತ್ತಿನ್ಯಾಗ ಯಾರಿಗೂ ಗೊತ್ತಾಗೂದಿಲ್ಲ. ಕಣ್ಣಿಗೆ ಕಾಣೂದಿಲ್ಲ, ಮುದ್ರಿ ಐತಿ, ದಾರ ಐತಿ. ನೀವು ಒಂದ ತಾಸು ಬಾಯಿ ಮುಚ್ಚಿ ಕುಂಡ್ರ್ರಿ. ಸಾಕು. ಸಂಜಿಗೆ ಸುಭೇದಾರ ಬಂದು ಏನ ಬೇಕಾದ್ದು ಮಾಡ್ಲಿ. ಎರಡು ಸಾವಿರ ಹುಡುಗೂರು ಮುಗಲ ನೋಡಿಕೋತ ಕುಂತಾವ. ನನ್ನ ಮಾನಾ ಐತಿ."

ಅವನು ಹೇಳಿದ್ದು ಖರೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಕೆಲಸ ಹೋದರೆ ಇಚಲಕರಂಜಿಯಲ್ಲಿ ನಿಲ್ಲಲು ಗಾಜಿನ ಟೇಬಲ್ಲು ಉಳಿದಿಲ್ಲ. ಬಾಗಿಲಲ್ಲಿ ಗಂಡ ನಿಂತಿದ್ದಾನೆ, ಅವನ ಕೈಯ ಹೆಸರು ಇಲ್ಲಿ ಹರಾಜಾಗುತ್ತಿದೆ. ರತ್ನಮಾಲಾಳ ಸೊಂಟದಲ್ಲಿ ಸಿಕ್ಕಿಸಿದ ಚಿಮಟ ಕೈಗೆ ತಾಗಿತು. ಮೆಂಡಿಂಗ್ ಖಾತೆಯಿಂದ ತಂದದ್ದು ಅದೊಂದೇ. ತುದಿ ಕತ್ತರಿಯ ಹಾಗೆ ಚೂಪು.

ಅವಳು ಮುಚ್ಚಳ ಎತ್ತಿದಳು, ಚಿಮಟವನ್ನು ಪಿನ್ನಿನ ಕೆಳಗೆ ಒಯ್ದಳು, ಗಂಟನ್ನು ಹಿಡಿದು ಚಿಟ್ ಎಂದು ಕತ್ತರಿಸಿದಳು. ಕೆಂಪು ದಾರ ಎರಡು ಕಡೆ ತೆರೆದುಕೊಂಡು ಜೋತಾಡಿತು.

"ಈಗ ಎಲ್ಲಾರಿಗೂ ಕಾಣತೈತಿ," ಎಂದಳು.

ಜಿನಪಾಲನಿಗೆ ಫೇಟಾ ಅಲುಗುವಷ್ಟು ಸಿಟ್ಟು ಬಂದಿತು. "ನಿನ್ನ ಗಂಡ ಕಟ್ಟಿದ್ದನ್ನ ನೀ ಕತ್ತರಸ್ತಿ? ಯಾರ ಹೇಳಿದ್ರು ನಿನಗ ಕತ್ತರಸಾಕ?"

"ಇಪ್ಪತ್ತೆರಡು ವರ್ಷ ಅದನ್ನ ಮಾಡೀನಿ ಮಾಲಕ್ರ. ಪಗಾರ ತಗೊಂಡು ಮಾಡೀನಿ."

"ನಾಳಿಯಿಂದ ಕಾಲ ಇಡಬ್ಯಾಡ ಇಲ್ಲಿ! ಕೇತನ, ಎತ್ತು ಚೀಲ. ದಾರ ಇಲ್ಲಂದ್ರ ಏನಾತು, ಛತ್ರಿ ಒಳಗ ಐತಿ. ಋತುಜಾ, ವಿಮಾನ ಚಾಲೂ ಮಾಡು."

ಋತುಜಾ ನಿಧಾನ ನಡೆದು ಬಂದು ತೂಗಾಡುವ ದಾರ ನೋಡಿದಳು. ಕೈಯಲ್ಲಿದ್ದ ಕೀಲಿಯನ್ನು ಪ್ಯಾಂಟಿನ ಕಿಸೆಗೆ ಇಳಿಸಿದಳು. "ಹಿಂತಾ ಚೀಲ ಹೊತ್ತಾಂವನ್ನ ನಾ ಮ್ಯಾಲ ಒಯ್ಯೂದಿಲ್ರಿ ಅಣ್ಣಾ."

"ವಿಮಾನ ಯಾರದು?"

"ವಿಮಾನ ನಿಮ್ದು. ಹಾರಸೂದು ಬಿಡೂದು ನಂದು. ಲೈಸೆನ್ಸಿನ ಮ್ಯಾಲ ನನ್ನ ಹೆಸರೈತಿ."

ಜಿನಪಾಲ ಒಬ್ಬೊಬ್ಬರನ್ನೇ ನೋಡಿದ. ಇಬ್ಬರೂ ಹೆಂಗಸರು, ಒಬ್ಬಳ ಕಣ್ಣೂ ಕೆಳಗಿರಲಿಲ್ಲ. "ಹೋಗ್ಲಿ, ಬರೇ ವಿಮಾನರ ಹಾರಸ್ತೀಯೋ ಇಲ್ಲೋ?" ಎಂದು ಕೊನೆಗೆ ಕೇಳಿದ. ಅದಕ್ಕೆ ಋತುಜಾ ಒಪ್ಪಿದಳು.

ಗಡಹಿಂಗ್ಲಜದಲ್ಲಿ ಮೈಕಿನವನು ಒಂದು ತಾಸಿನಿಂದ "ಇನ್ನೇನ ಬಂದ್ರು, ಇನ್ನೇನ ಜಿಗಿದ್ರು" ಅನ್ನುತ್ತಿದ್ದನಂತೆ. ವಿಮಾನ ಮೈದಾನದ ಮೇಲೆ ಎರಡು ಸುತ್ತು ಹೊಡೆಯಿತು, ರೆಕ್ಕೆ ಆ ಕಡೆ ಈ ಕಡೆ ಬಾಗಿಸಿತು, ಮರಳಿತು. ಯಾರೂ ಜಿಗಿಯಲಿಲ್ಲ. ಮಕ್ಕಳಿಗೆ ಏನೂ ಕಡಿಮೆ ಅನಿಸಲಿಲ್ಲ. ವಿಮಾನ ತಮಗೇ ನಮಸ್ಕಾರ ಮಾಡಿತೆಂದು ಕುಣಿದಾಡಿದರು. ಕಡಿಮೆ ಅನಿಸಿದ್ದು ಜಿನಪಾಲನಿಗೆ. ಮುಖ್ಯ ಅತಿಥಿ ಅವನ ಕಿವಿಯಲ್ಲಿ, "ಕಾಯ ಝಾಲಂ, ಪೋರಗಾ ಘಾಬರಲಾ ಕಾ?" ಎಂದು, ಹುಡುಗ ಹೆದರಿಬಿಟ್ಟನೇ ಎಂದು ಕೇಳಿದ್ದು ಅವನಿಗೆ ಶಿರಾದ ಜೊತೆ ಇಳಿಯಲಿಲ್ಲ.

ಮೂರು ಗಂಟೆಗೆ ಅವನು ಅದೇ ಸಿಟ್ಟಿನಲ್ಲಿ ಮಾಳಕ್ಕೆ ಬಂದಾಗ ಸುಭೇದಾರ ಬಂದು ಟೇಬಲ್ಲಿನ ಮೇಲೆ ಆಪತ್ತಿನ ಛತ್ರಿಯನ್ನು ಬಿಚ್ಚುತ್ತಿದ್ದ. ರತ್ನಮಾಲಾ ಎದುರು ಬದಿಗೆ ನಿಂತು ಬಟ್ಟೆಯ ಅಂಚು ಹಿಡಿದಿದ್ದಳು. ಕೆಲಸದಿಂದ ತೆಗೆದದ್ದು ಅವಳಿಗೆ ನೆನಪೇ ಇಲ್ಲವೋ ಏನೋ ಅನ್ನುವ ಹಾಗೆ. ಧೊಂಡಿಬಾ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದ. ಸುಭೇದಾರ ಪಿನ್ನನ್ನು ಒಂದು ಗಾಜಿನ ತುಂಡಿನ ಮೇಲೆ ಹೊರಳಿಸಿ ನೋಡಿದ, ಸ್ಪ್ರಿಂಗು ಒತ್ತಿ ನೋಡಿದ, ಹಗ್ಗಗಳನ್ನು ಒಂದೊಂದಾಗಿ ಎಣಿಸಿದ. ಅರ್ಧ ತಾಸು ಹಿಡಿಯಿತು.

"ಏನ ಸಿಕ್ತು?" ಎಂದ ಜಿನಪಾಲ.

"ಏನೂ ಇಲ್ಲ. ಪಿನ್ ನೆಟ್ಟಗ ಐತಿ. ಎಲ್ಲಾ ಬರೋಬ್ಬರಿ ಐತಿ."

"ಏನೂ ಇಲ್ಲ!" ಜಿನಪಾಲ ಎರಡೂ ಕೈ ಮೇಲೆತ್ತಿದ. "ಕೇಳ್ರಿ ಎಲ್ಲಾರೂ, ಏನೂ ಇಲ್ಲ! ಎರಡು ಸಾವಿರ ಹುಡುಗೂರು ಕುತಿಗಿ ನೋಯಿಸಿಕೊಂಡ್ರು, ನಾ ಊರ ಮುಂದ ಮೋತಿ ಸಣ್ಣದು ಮಾಡಿಕೊಂಡೆ, ಯಾತಕ್ಕ? ಏನೂ ಇಲ್ಲದ್ದಕ್ಕ! ಹೇಳ್ರಿ ಬಾಯೀ, ಈಗ ಏನ ಹೇಳ್ತೀರಿ?"

ರತ್ನಮಾಲಾ ಬಟ್ಟೆಯ ಅಂಚು ಬಿಡಲಿಲ್ಲ. ದನಿಯನ್ನೂ ಏರಿಸಲಿಲ್ಲ. "ಏನೂ ಇಲ್ಲ ಅಂತ ನಿಮಗ ಈಗ ಗೊತ್ತಾತು. ಮುಂಜಾನಿ ಒಂಬತ್ತಕ್ಕ ಯಾರಿಗೆ ಗೊತ್ತಿತ್ತು, ಹೇಳ್ರಿ."

ಜಿನಪಾಲ ಬಾಯಿ ತೆರೆದ. ಮಾತು ಬರುವ ಮುಂಚೆ ಹಿಂದಿನಿಂದ ಕೇತನನ ದನಿ ಬಂದಿತು. "ನನಗ ಗೊತ್ತಿದ್ದಿಲ್ಲ ಕಾಕಾ."

ಅವನು ಇನ್ನೂ ಕೆಂಪು ಅಂಗಿಯಲ್ಲೇ ಇದ್ದ. "ಹೊತ್ಕೊಂಡು ಹೋಗಾಂವ ನಾನ. ನನಗ ಗೊತ್ತಿದ್ದಿಲ್ಲ."

ಜಿನಪಾಲ ಗಾಡಿ ಹತ್ತಿ ಹೋದ. ಬಾಗಿಲು ಹಾಕಿದ ಸದ್ದು ಮಾಳದ ತುದಿಯವರೆಗೆ ಕೇಳಿಸಿತು.

ಸುಭೇದಾರ ಛತ್ರಿಯನ್ನು ಮತ್ತೆ ಮಡಚಿ, ಹೊಸ ದಾರ ಸುತ್ತಿ, ಹೊಸ ಮುದ್ರೆ ಒತ್ತಿದ. ಚೀಲದೊಳಗೆ ಇಡುವ ಚೀಟಿಯ ಮೇಲೆ ತಾರೀಖು ಬರೆದು, 'ದಾರ ಹರಿದಿತ್ತು' ಎಂದು ಕಾರಣ ಬರೆದು, "ಯಾರು ನೋಡಿದ್ದು ಅಂತ ಇಲ್ಲಿ ಸಹಿ ಮಾಡು" ಎಂದು ಪೆನ್ನು ಕೊಟ್ಟ. ರತ್ನಮಾಲಾ ಕಲಿತದ್ದು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆ. ಚೀಟಿಯ ತುಂಬ ಇಂಗ್ಲಿಷ್ ಅಕ್ಷರ. ಅದರ ನಡುವೆ ಅವಳು ಒತ್ತಿ ಒತ್ತಿ ಕನ್ನಡದಲ್ಲಿ ತನ್ನ ಹೆಸರು ಬರೆದಳು. "ಇದನ್ನ ಓದಾಂವ ಯಾರು?" ಎಂದು ಸುಭೇದಾರ ನಕ್ಕ. "ಓದಾಕ ಬರಲಿಲ್ಲಂದ್ರ ನನ್ನ ಕೇಳ್ಲಿ," ಎಂದಳು.

ರಾತ್ರಿ ಮನೆಯಲ್ಲಿ ಧೊಂಡಿಬಾ ತಾಟಿನ ಮುಂದೆ ಕೂತು ರೊಟ್ಟಿ ಮುಟ್ಟಲಿಲ್ಲ. "ಮೂವತ್ತು ವರ್ಷದಾಗ ನನ್ನ ಒಂದು ಗಂಟು ಬಿಚ್ಚಿಲ್ಲ," ಎಂದ.

"ಅದಕ್ಕ ನನಗ ಅಂಜಿಕಿ ಬಂತು. ಅದು ಬಿಚ್ಚಿದ್ರ ಯಾರರ ನೋಡ್ತಿದ್ರು."

"ಮಂದಿ ಮುಂದ ಕತ್ತರಿಸಿದಿ."

"ಹೌದು. ಕತ್ತರಿಸೀನಿ." ಅವಳು ಅವನ ತಾಟಿಗೆ ಇನ್ನಷ್ಟು ಪಲ್ಯ ಹಾಕಿದಳು. "ನಿಮ್ಮ ಕೈ ಕೆಟ್ಟದ್ದಲ್ರಿ. ಕಟ್ಟಿದ ಜಾಗಾ ಕೆಟ್ಟದ್ದು. ಮಗ್ಗದ ಮ್ಯಾಲ ಹರದ ಎಳಿ ನುಕಸಾನು. ಛತ್ರಿ ಮ್ಯಾಲ ಹರದ ಎಳಿ ಮಾತಾಡತೈತಿ. ನೀವು ಅದರ ಬಾಯಿ ಕಟ್ಟಿದ್ರಿ."

ಅವನು ರೊಟ್ಟಿ ಮುರಿದ.

ಮರುದಿನ ಮುಂಜಾನೆ ಏಳೂವರೆಯ ಎಸ್‌ಟಿಯಿಂದ ರತ್ನಮಾಲಾ ಎಂದಿನಂತೆ ಮಾಳದ ತಿರುವಿನಲ್ಲಿ ಇಳಿದಳು. ಧೊಂಡಿಬಾ ಹಿಂದೆ ಹಿಂದೆ, ಹತ್ತು ಹೆಜ್ಜೆ ಬಿಟ್ಟು. ಗೇಟಿನ ಹತ್ತಿರ ಜಿನಪಾಲ ನಿಂತಿದ್ದ. ಫೇಟಾ ಇಲ್ಲದೆ ಅವನ ತಲೆ ಸಣ್ಣದಾಗಿ ಕಾಣುತ್ತಿತ್ತು.

"ಬರಬ್ಯಾಡ ಅಂದಿದ್ದೆ ನಾ."

"ನೀವು ಅಂದ್ರಿ. ನಾ ಹೂಂ ಅಂದಿಲ್ರಿ."

"ಪಗಾರ ಕೊಡೂದಿಲ್ಲ ಅಂದ್ರ?"

"ತಿಂಗಳಾ ಮುಗಿಲಿ, ಆಗ ಜಗಳಾಡೂಣು. ಈಗ ಛತ್ರಿ ಮಡಚೂದೈತಿ." ಅವಳು ಗೇಟಿನ ಪಕ್ಕದ ಸಂದಿಯಿಂದ ಒಳಗೆ ಹೋದಳು. ಜಿನಪಾಲ ತಡೆಯಲಿಲ್ಲ. ಕೇತನ ಆಗಲೇ ಚೀಲ ಟೇಬಲ್ಲಿನ ಮೇಲೆ ಇಟ್ಟು ಕಾಯುತ್ತಿದ್ದ. ಸುಭೇದಾರ ನಿನ್ನೆ ತಾನೇ ಮುದ್ರೆ ಒತ್ತಿದ ಚೀಲ. "ನಿನ್ನೆ ನೋಡೀನಲ್ಲೋ ಬಾಳಾ," ಎಂದಳು. "ಇನ್ನೊಮ್ಮೆ ಬೆರಳಾಡಿಸ್ರಿ ಮಾವಶಿ," ಎಂದ ಕೇತನ. ಜಿನಪಾಲ ದೂರದಿಂದ ಇದನ್ನು ನೋಡಿ, ಕಾಣದವನ ಹಾಗೆ ಹುಲ್ಲಿನ ಕಡೆ ಮುಖ ಮಾಡಿದ. ತಿಂಗಳ ಕೊನೆಗೆ ಪಗಾರ ಬಂದಿತು. ಅವಳ ಎದುರು ಅವನು ತಪ್ಪಾಯಿತು ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಹೋಳಿಯ ಹಿಂದಿನ ವಾರ. ಪಟ್ಟಿಯ ಮೇಲೆ ಎಂಟು ಹತ್ತು ಮಂದಿ ಜಿಗಿಯಲು ಬಂದಿದ್ದರು. ರತ್ನಮಾಲಾ ದೊಡ್ಡ ಛತ್ರಿಯೊಂದರ ಮೇಲೆ ಎದೆ ಒತ್ತಿ ಗಾಳಿ ತೆಗೆಯುತ್ತಿದ್ದಾಗ ಹೊರಗೆ ಗಂಡನ ಕೂಗು ಕೇಳಿಸಿತು: "ರತ್ನಾ! ಏ ರತ್ನಾ! ದಾರ ಹರದೈತಿ! ಲಗೂ ಬಾ!"

ಓಡಿ ಹೋದಳು. ಬೆಂಚಿನ ಮೇಲೆ ಮೂರನೆಯ ಚೀಲ, ಮುಚ್ಚಳ ತೆರೆದಿತ್ತು, ಕೆಂಪು ದಾರ ಹರಿದು ಜೋತುಬಿದ್ದಿತ್ತು. ಅದರ ಮುಂದೆ ಧೊಂಡಿಬಾ ನಿಂತಿದ್ದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ, ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ಹಣೆಯ ಮೇಲೆ ಬೆವರು.

"ಮುಟ್ಟೀರೇನ?"

"ಇಲ್ಲ." ಅವನು ದಾರದಿಂದ ಕಣ್ಣು ಕೀಳಲಿಲ್ಲ. "ಲಗೂ ಸುಭೇದಾರನ ಕರಿ. ನನ್ನ ಕೈ ಭಾಳ ಹೊತ್ತು ತಡಿಯೂದಿಲ್ಲ."